ಮೈಲಿಗೆಯಾಗದ ಇಂಟರ್‌ನೆಟ್

ಕೆಲವರಿಗೆ ಎಲೆಅಡಿಕೆಯ ಚಟವಿರುತ್ತದೆ, ಕೆಲವರಿಗೆ ಇಸ್ಪೀಟಿನದು. ನನಗಿರುವುದು "ಅದೇನು ಮಹಾ" ಎನ್ನುವ ಚಟ. ಎಲೆಅಡಿಕೆ ಹಾಕಿಕೊಂಡವನ ಬಾಯಿ ಮಾತ್ರ ಕೆಂಪಾಗುತ್ತದೆ. ನನ್ನ ಚಟದಿಂದ ಮನೆಮಂದಿಯ ಮುಖವೆಲ್ಲ ಕೆಂಪಾಗುತ್ತದೆ. ಮಿಕ್ಸರ್ ಕೆಟ್ಟಿತೆಂದು ಹೆಂಡತಿ ಸುಮಿತ್ರಾ ಹೇಳಿದಾಗ "ಅದೇನು ಮಹಾ" ಎಂದು ಬಿಚ್ಚಿದೆ. ಅದರ ತಿರುಪುಗಳು ದೇವರ ಗೂಡು ಸೇರಿದವು, ಮೋಟಾರು ಅಟ್ಟ ಹತ್ತಿತು, ಚಟ್ನಿ ಮತ್ತೆ ಒರಳಿಗೆ ಬಂತು. ನಾನು ಕಾಗವಾಡದ ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ. ಆಗಿಹೋದದ್ದನ್ನು ವಿವರಿಸುವುದು ನನ್ನ ಕಸುಬು. ಆಗಬೇಕಾದದ್ದಕ್ಕೆ ಕೈಹಾಕಬೇಡಿ ಎಂದು ಸುಮಿತ್ರಾ ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದಾಳೆ. ಆದರೂ ಒಂದು ಸಲ ನನ್ನ "ಅದೇನು ಮಹಾ" ಗೆದ್ದಿತು. ಎಂಥ ಗೆಲುವೆಂದರೆ, ಇವತ್ತಿಗೂ ನೆನೆದಾಗ ಒಬ್ಬನೇ ಕೂತು ನಗುತ್ತೇನೆ. ಗೆದ್ದದ್ದು ಅಪರೂಪವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಸ್ಮಾರ್ಟ್‌ಫೋನು ನಮ್ಮ ಊರಿಗೆ ಇನ್ನೂ ಕಾಲಿಡದಿದ್ದ ಕಾಲ ಅದು. ಇದ್ದ ಮೊಬೈಲುಗಳಿಗೂ ಗಡಿಯ ಕಾಟ. ಪಡಸಾಲೆಯಲ್ಲಿ ಕೂತರೆ ಮೊಬೈಲು "ಮಹಾರಾಷ್ಟ್ರಕ್ಕೆ ಸ್ವಾಗತ" ಎಂದು ಸಂದೇಶ ಕಳಿಸುತ್ತಿತ್ತು; ನೀರು ಕುಡಿಯಲು ಅಡುಗೆಮನೆಗೆ ಹೋದರೆ ಕರ್ನಾಟಕಕ್ಕೆ ಬರಮಾಡಿಕೊಳ್ಳುತ್ತಿತ್ತು. ಒಂದೇ ಮನೆಯಲ್ಲಿ ಎರಡು ರಾಜ್ಯ ಕಟ್ಟಿಕೊಂಡು ಬದುಕುವ ನಮಗೆ ಇಂಟರ್‌ನೆಟ್ ಎಂದರೆ ಎದುರು ಮನೆಯ ಅಪ್ಪಾಸಾಬನೇ. ಅವನದು ದ್ರಾಕ್ಷಿ ತೋಟ. ಸಾಂಗಲಿಯ ದರ, ಮಳೆಯ ಮುನ್ಸೂಚನೆ ನೋಡಲು ಬ್ರಾಡ್‌ಬ್ಯಾಂಡ್ ಹಾಕಿಸಿದ್ದ. ಅದರ ಜೊತೆಗೆ ಬಂದ ವೈಫೈ ಡಬ್ಬಿಯನ್ನು ಅವನ ಮನೆಯಲ್ಲಿ ಜೋಡಿಸಿಕೊಟ್ಟವನು ನಾನೇ. ಅದಕ್ಕೆ ಅವನ ಎತ್ತಿನ ಹೆಸರನ್ನೇ ಇಟ್ಟೆವು, ಸರ್ಜಾ ಅಂತ. ಸರ್ಜಾನ ಅಲೆ ಓಣಿ ದಾಟಿ ನಮ್ಮ ಪಡಸಾಲೆಗೂ ಬರುತ್ತಿತ್ತು. ನನ್ನ ಹತ್ತಿರ ಒಂದು ಹಳೆಯ ಲ್ಯಾಪ್‌ಟಾಪಿತ್ತು. ಅದಕ್ಕೆ ವೈರಸ್ ತಗಲಿದಾಗ "ಅದೇನು ಮಹಾ" ಎಂದು ಎಲ್ಲ ಅಳಿಸಿ ಲಿನಕ್ಸ್ ಹಾಕಿದ್ದೆ. ಅದರಲ್ಲಿ ಚಿತ್ರಗಳನ್ನು ಒತ್ತಿ ಕೆಲಸ ಮಾಡಬಹುದು; ಬೇಕೆಂದರೆ ಬರೀ ಕಪ್ಪು ಪರದೆ ತೆರೆದು, ಆಜ್ಞೆಗಳನ್ನು ಬೆರಳಚ್ಚು ಮಾಡಿಯೂ ದುಡಿಸಿಕೊಳ್ಳಬಹುದು. ನನಗೆ ಆ ಕಪ್ಪು ಪರದೆಯೇ ಇಷ್ಟ. ಕರಿಹಲಗೆ ಕಂಡರೆ ಮಾಸ್ತರನ ಕೈ ಸುಮ್ಮನಿರುವುದಿಲ್ಲ, ನೋಡಿ. ಆಗಾಗ ತೆರೆದು ನಾಲ್ಕು ಆಜ್ಞೆ ಹೊಡೆದು, ಅದು ಹತ್ತು ಸಾಲು ಉತ್ತರ ಕೊಟ್ಟರೆ ತರಗತಿಯಲ್ಲಿ ಸಿಗದ ಗೌರವ ಸಿಕ್ಕಂತಾಗುತ್ತಿತ್ತು.

ಇನ್ನು ನನ್ನ ತಂಗಿ ವೈಶಾಲಿ. ಐಗಳಿಯ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಣಿ, ಮಾತು ಕಡಿಮೆ, ಹಟ ಜಾಸ್ತಿ. ನೋಡಲು ಬಂದ ಗಂಡುಗಳೆಲ್ಲ ಒಪ್ಪಿದ್ದರು, ಆದರೆ ಎಲ್ಲರ ಕಡೆಯವರದೂ ಒಂದೇ ಮಾತು: ಮದುವೆಯಾದ ಮೇಲೆ ನೌಕರಿ ಬಿಡಬೇಕು. ಅವಳದೂ ಒಂದೇ ಉತ್ತರ: ಇಲ್ಲ. ಅಷ್ಟರಲ್ಲಿ ನಿಪ್ಪಾಣಿಯಿಂದ ಒಂದು ಸಂಬಂಧ ಬಂತು. ಹುಡುಗ ಸಂಜಯ ಸೈನ್ಯದಲ್ಲಿದ್ದ, ಎಲ್ಲೋ ಈಶಾನ್ಯದ ಗಡಿಯಲ್ಲಿ. ರಜೆ ಸಿಗುವುದು ಮದುವೆಗೆ ಮಾತ್ರ, ಹೆಣ್ಣು ನೋಡಲು ಅಲ್ಲ. ಫೋಟೋ ನೋಡಿದ ವೈಶಾಲಿ ಅದನ್ನು ತಿರುಗಿಸಿ ಕೊಡಲಿಲ್ಲ. ನಮ್ಮ ಮನೆಯಲ್ಲಿ ಅದನ್ನೇ ಅರ್ಧ ಒಪ್ಪಿಗೆ ಎನ್ನುತ್ತೇವೆ. ಆದರೆ ಹುಡುಗನ ಪರವಾಗಿ ಮಾತಾಡುತ್ತಿದ್ದವನು ಅವನ ಸೋದರಮಾವ, ತಂಬಾಕಿನ ವ್ಯಾಪಾರಿ. ನೌಕರಿಯ ಮಾತೆತ್ತಿದರೆ ಅವನು "ಅದ ಮುಂದ ನೋಡೂಣ್ರಿ" ಎಂದು ಮೀಸೆ ತಿರುವುತ್ತಿದ್ದ.

"ಮಾಮಾನ ಬಾಯಿಂದ ಬ್ಯಾಡಣ್ಣ," ಎಂದಳು ವೈಶಾಲಿ. "ಅವರ ಬಾಯಿಂದನ ಕೇಳಬೇಕು. ಮಾರಿ ನೋಡಿ ಕೇಳಬೇಕು. ಆಮ್ಯಾಲೆ ಹೂಂ ಅಂತೇನೋ ಉಹೂಂ ಅಂತೇನೋ, ನೀ ಒತ್ತಾಯ ಮಾಡಬಾರದು."

ನಾನು ತಕ್ಷಣ ಹೇಳಿದೆ. ಏನು ಹೇಳಿದೆ ಎಂದು ನಿಮಗೆ ಗೊತ್ತೇ ಇದೆ. ವಿಡಿಯೋ ಕಾಲ್ ಮಾಡೋಣ, ಗಂಡಿನ ಕಡೆಯವರು ನಮ್ಮ ಮನೆಗೆ ಬರಲಿ, ಅವಲಕ್ಕಿ ತಿನ್ನಲಿ, ಹುಡುಗ ಲ್ಯಾಪ್‌ಟಾಪಿನಲ್ಲಿ ಬರಲಿ, ಅದೇನು ಮಹಾ! ಸಂಜಯನ ಕ್ಯಾಂಪಿನಲ್ಲಿ ಭಾನುವಾರ ನಡುಮಧ್ಯಾಹ್ನ ಒಂದು ತಾಸು ಕಂಪ್ಯೂಟರ್ ಸಿಗುವುದೆಂದಾಯಿತು. ಮಾಮಾ ಒಪ್ಪಿದ, ಆದರೆ ಕೊಂಕು ಬಿಡಲಿಲ್ಲ. ಅದೇ ದಿನ ಸಂಜೆ ರಾಯಬಾಗದಲ್ಲಿ ಇನ್ನೊಂದು ಹೆಣ್ಣು ನೋಡುವುದಿದೆ, ಇಲ್ಲಿ ಕೂಡಿಬರದಿದ್ದರೆ ಅಲ್ಲಿ ಮಾತು ಮುಗಿಸುತ್ತೇವೆ, ಮುಂದೆ ಆಷಾಢ ಬರುತ್ತದೆ ಎಂದು ಫೋನಿನಲ್ಲೇ ಹೇಳಿಬಿಟ್ಟ.

ಅಷ್ಟರಲ್ಲಿ ಅಪ್ಪಾಸಾಬನ ಸೊಸೆ ಮೀರಜಿನ ದವಾಖಾನೆಯಲ್ಲಿ ಹೆತ್ತಳು. ಗಂಡು ಕೂಸು. ಸಕ್ಕರೆ ಹಂಚಿದರು, ನಾವೂ ಬಾಯಿ ಸಿಹಿ ಮಾಡಿಕೊಂಡೆವು. ಆಗ ಎದ್ದು ನಿಂತವಳು ನಮ್ಮ ಕೃಷ್ಣಾಬಾಯಿ ಅತ್ತೆ, ಅಪ್ಪನ ಅಕ್ಕ, ನಮ್ಮ ಮನೆಯ ಮಡಿ ಇಲಾಖೆಯ ಮುಖ್ಯಸ್ಥೆ. ಎದುರು ಮನೆಗೆ ಪುರುಡು ಬಂದಿದೆ, ಹೆಣ್ಣು ತೋರಿಸುವ ಶುಭಕಾರ್ಯಕ್ಕೆ ಅಲ್ಲಿಂದ ಏನನ್ನೂ ತರುವಂತಿಲ್ಲ ಎಂದಳು.

"ಅಲ್ಲೋ, ನಿನ್ನ ನೆಟ್ಟ ಆ ಮನ್ಯಾಗಿಂದ ಬರೂದಲ್ಲ? ತಂತಿ ಆ ಮನಿನೂ ಮುಟ್ಟತೈತಿ, ಈ ಮನಿನೂ ಮುಟ್ಟತೈತಿ. ಮೈಲಿಗಿ ಬರೂದಿಲ್ಲೇನ?"

"ತಂತಿನ ಇಲ್ಲ ಅತ್ತಿ. ಗಾಳ್ಯಾಗ ಬರತೈತಿ. ಯಾರ್ನೂ ಮುಟ್ಟೂದಿಲ್ಲ."

"ಗಾಳಿಗೆ ಮೈಲಿಗಿ ಇಲ್ಲ ಬಿಡು," ಎಂದು ಅತ್ತೆ ತೀರ್ಪು ಕೊಟ್ಟಳು. "ಅವರ ಮನಿ ಒಗ್ಗರಣಿ ವಾಸನಿ ದಿನಾ ಬರತೈತಿ, ಅದಕ್ಕೇನ ನಾವು ಸ್ನಾನ ಮಾಡ್ತೇವು? ಆದ್ರ ತಂತಿ ಅಂದ್ರ ನಾ ಕೇಳೂದಿಲ್ಲ. ಆ ನಿನ್ನ ಪೆಟಗಿನೂ ಅವರ ಮನಿಗೆ ಹೋಗೂ ಹಂಗಿಲ್ಲ. ಹೋದ್ರ ತೊಳದ ಒಳಗ ತರಬೇಕು."

ವೈರ್‌ಲೆಸ್ ತಂತ್ರಜ್ಞಾನಕ್ಕೆ ಇಷ್ಟು ಭಕ್ತಿಪೂರ್ವಕ ಬೆಂಬಲ ಬೇರೆಲ್ಲೂ ಸಿಕ್ಕಿರಲಾರದು. ನಾನು ಹಿಗ್ಗಿದೆ. ಅತ್ತೆಯನ್ನು ಗೆಲ್ಲುವ ಭರದಲ್ಲಿ ಕೇಬಲ್ಲಿನ ದಾರಿಯನ್ನು ನಾನೇ ಮುಚ್ಚಿಕೊಂಡೆ ಎನ್ನುವುದು ಆಗ ಹೊಳೆಯಲಿಲ್ಲ.

ಶನಿವಾರ ಸಂಜೆ ಪಡಸಾಲೆಯಲ್ಲಿ ಪರೀಕ್ಷೆ ಮಾಡಿದೆ. ಸರ್ಜಾ ಸರಾಗವಾಗಿ ಸಿಕ್ಕ. ಸಂತೋಷದಲ್ಲಿರುವಾಗ ಲ್ಯಾಪ್‌ಟಾಪು "ಹೊಸ ಸುಧಾರಣೆಗಳಿವೆ, ಹಾಕಲೇ?" ಎಂದು ಕೇಳಿತು. ಮರುದಿನ ಬೀಗರು ಬರುವವರಿದ್ದಾರೆ, ಮನೆಗೆ ಸುಣ್ಣ ಹೊಡೆಸಿದ್ದೇವೆ, ಇದೂ ಒಂದಿಷ್ಟು ಸುಧಾರಿಸಲಿ ಎಂದು ಹೂಂ ಎಂದೆ. ಅರ್ಧ ಇಳಿಸಿಕೊಳ್ಳುವಷ್ಟರಲ್ಲಿ ಓಣಿಯ ಕರೆಂಟು ಹೋಯಿತು. ಸರ್ಜಾ ಸತ್ತ. ಲ್ಯಾಪ್‌ಟಾಪು ಹಳೆಯದನ್ನು ಕಿತ್ತುಹಾಕಿತ್ತು, ಹೊಸದನ್ನು ಹಾಕಿಕೊಂಡಿರಲಿಲ್ಲ. ಭಾನುವಾರ ಬೆಳಿಗ್ಗೆ ಚಾಲೂ ಮಾಡಿದರೆ ಚಿತ್ರವಿಲ್ಲ, ಬಾಣವಿಲ್ಲ, ಏನೂ ಇಲ್ಲ. ಬರೀ ಕಪ್ಪು ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಗೆರೆ.

ನನ್ನ ಸ್ಥಿತಿ ಅರ್ಥಮಾಡಿಕೊಳ್ಳಿ. ಚಿತ್ರದ ಪರದೆ ಮರಳಿ ಬರಬೇಕಾದರೆ ಉಳಿದರ್ಧ ಇಳಿಸಿಕೊಳ್ಳಬೇಕು, ಅದಕ್ಕೆ ನೆಟ್ ಬೇಕು. ನೆಟ್ ಹಚ್ಚುವ ಗುಂಡಿ ಇದ್ದದ್ದೇ ಆ ಚಿತ್ರದ ಪರದೆಯ ಮೇಲೆ. ತಂತಿ ಎಳೆಯುವಂತಿಲ್ಲ, ಪೆಟ್ಟಿಗೆ ಒಯ್ಯುವಂತಿಲ್ಲ. ಸೈಬರ್ ಕೆಫೆ ಎಂದು ಬಾಯಿ ತೆರೆದೆ. ಹೆಣ್ಣು ತೋರಿಸಲು ಅಂಗಡಿಗೆ ಕರೆದುಕೊಂಡು ಹೋಗುವ ಮನೆತನವೇ ನಮ್ಮದು ಎಂದು ಅತ್ತೆ ಗದರಿದಳು. ಉಳಿದದ್ದು ಒಂದೇ ದಾರಿ: ಕಪ್ಪು ಪರದೆಯ ಮೇಲೆ ಆಜ್ಞೆಗಳನ್ನು ಬರೆದೇ ವೈಫೈ ಹಿಡಿಯುವುದು. ಅದನ್ನು ನಾನು ಯಾವತ್ತೂ ಮಾಡಿರಲಿಲ್ಲ. ವೈಶಾಲಿ ಹಸಿರು ಸೀರೆ ಉಟ್ಟು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಸುಮಿತ್ರಾ ಈರುಳ್ಳಿ ಹೆಚ್ಚುತ್ತ ಕೇಳಿದಳು, "ಮಿಕ್ಸರ ತಿರುಪು ಇಟ್ಟ ಗೂಡಿನ್ಯಾಗ ಇದಕ್ಕೂ ಜಾಗಾ ಮಾಡ್ಲೇನ್ರಿ?"

ಲಿನಕ್ಸಿನಲ್ಲಿ ಒಂದು ಪುಣ್ಯದ ಸಂಗತಿ ಇದೆ. ಪ್ರತಿ ಆಜ್ಞೆಗೂ ಅದರ ಪಾಠ ಒಳಗೇ ಇರುತ್ತದೆ. ಕೇಳಿದರೆ ಪುಟಗಟ್ಟಲೆ ತೋರಿಸುತ್ತದೆ, ನಮ್ಮ ಹೆಡ್‌ಮಾಸ್ತರರ ಭಾಷಣದಂತೆ ಉದ್ದ, ಆದರೆ ಉಪಯೋಗಕ್ಕೆ ಬರುವಂಥದು. ಓದುತ್ತ ಹೋದಂತೆ ವೈಫೈ ಹಿಡಿಯುವುದೂ ಹೆಣ್ಣು ನೋಡುವುದೂ ಒಂದೇ ಶಾಸ್ತ್ರವೆಂದು ತಿಳಿಯಿತು. ಮೊದಲು ಲ್ಯಾಪ್‌ಟಾಪಿನ ಒಳಗಿರುವ ವೈಫೈ ಕಾರ್ಡನ್ನು ಎಬ್ಬಿಸಿ ಕೂರಿಸಬೇಕು. ಆಮೇಲೆ ಸುತ್ತಮುತ್ತ ಯಾರಿದ್ದಾರೆಂದು ವಿಚಾರಿಸಬೇಕು. ಸಿಕ್ಕವನಿಗೆ ಗುಟ್ಟಿನ ಪದ ಹೇಳಿ ನಂಬಿಕೆ ಹುಟ್ಟಿಸಬೇಕು. ಅವನು ಒಪ್ಪಿದ ಮೇಲೆ ಇರಲು ಒಂದು ವಿಳಾಸ ಕೊಡೆಂದು ಬೇಡಿಕೊಳ್ಳಬೇಕು. ಇಷ್ಟಾದರೆ ಸಂಬಂಧ ಕೂಡಿದಂತೆ.

ಮೊದಲ ಹೆಜ್ಜೆಯಲ್ಲೇ ಎಡವಿದೆ. ಏಳು ಎಂದರೆ ಕಾರ್ಡು ಏಳಲೊಲ್ಲದು. ಮೂರು ಬಗೆಯಲ್ಲಿ ಬೇಡಿಕೊಂಡೆ, ತಡೆ ಇದೆ ಎಂದು ಮಾತ್ರ ಹೇಳುತ್ತಿತ್ತು. ಯಾವ ತಡೆ, ಯಾರ ತಡೆ? ಪೆಟ್ಟಿಗೆಯನ್ನು ಎತ್ತಿ ತಿರುಗಿಸಿ ನೋಡಿದರೆ ಅಂಚಿನ ತುಂಬ ಅರಿಶಿನ ಕುಂಕುಮ! ಶುಭಕಾರ್ಯಕ್ಕೆ ಕೂರಿಸುವ ಪೆಟ್ಟಿಗೆಯೆಂದು ಅತ್ತೆ ಬೆಳಗಾಗೆದ್ದು ಅದಕ್ಕೆ ಪೂಜೆ ಮಾಡಿದ್ದಳು. ಕುಂಕುಮ ತೀಡುವಾಗ ಪಕ್ಕದಲ್ಲಿದ್ದ ವೈಫೈ ಗುಂಡಿ ಬಂದ್ ಆಗಿತ್ತು. ಸರಿಸಿದೆ. ಕಾರ್ಡು ಎದ್ದು ಕೂತಿತು. ಸುತ್ತ ಯಾರಿದ್ದಾರೆಂದು ಕೇಳಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಸರ್ಜಾ ಎಂದು ಬಂತು. ಎತ್ತಿನ ಹೆಸರು ನೋಡಿ ಕಣ್ಣಲ್ಲಿ ನೀರು ಬಂದದ್ದು ಜೀವನದಲ್ಲಿ ಅದೊಂದೇ ಸಲ.

ಹೊರಗೆ ಜೀಪು ನಿಂತಿತು. ಬೀಗರು ಬಂದೇಬಿಟ್ಟರು. ಸಂಜಯನ ತಾಯಿ ಬಂದು ವೈಶಾಲಿಯ ಗಲ್ಲ ಸವರಿದರು. ಮಾಮಾ ಬಂದವನೇ ಗಡಿಯಾರ ನೋಡಿಕೊಂಡು, "ಕಾಯ್ ಮಾಸ್ತರ, ಹುಡುಗ ಎಲ್ಲಿ ಅದಾನ? ಈ ಕರೇ ಹಲಗ್ಯಾಗೇನು?" ಎಂದು ಮರಾಠಿ ಬೆರೆಸಿ ಕೇಳಿದ. ನಾನು ಬಂದೀತು, ಬಂದೀತು ಎನ್ನುತ್ತ ಗುಟ್ಟಿನ ಪದ ಒಪ್ಪಿಸಿದೆ. ಸರ್ಜಾ ಒಪ್ಪಿದ. ವಿಳಾಸ ಕೇಳಿದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ಸರ್ಜಾ ಕೈಕೊಟ್ಟು ಹೊರಟುಹೋದ. ಮತ್ತೆ ಮೊದಲಿನಿಂದ. ಒಮ್ಮೆ ಸಿಗುತ್ತಾನೆ, ಒಮ್ಮೆ ಇಲ್ಲ. ಅವಲಕ್ಕಿ ಬಂತು, ಖಾಲಿಯಾಯಿತು. ಚಹಾ ಬಂತು. ಅತ್ತೆ ಉಪ್ಪು ಮೆಣಸಿನಕಾಯಿ ಹಿಡಿದು ಬಂದು, ಬೀಗರೆದುರಿಗೇ ಲ್ಯಾಪ್‌ಟಾಪಿಗೆ ದೃಷ್ಟಿ ತೆಗೆದು ಒಲೆಗೆ ಹಾಕಿದಳು. ಪಡಸಾಲೆಯ ತುಂಬ ಘಾಟು, ಎಲ್ಲರಿಗೂ ಕೆಮ್ಮು. ಮಾಮಾ ಕರವಸ್ತ್ರ ಮುಚ್ಚಿಕೊಂಡು ತನ್ನ ಅಕ್ಕನಿಗೆ ಮರಾಠಿಯಲ್ಲಿ, "ಚಲಾ, ಉಶೀರ ಹೋತೋಯ್," ಎಂದ. ತಡವಾಗುತ್ತಿದೆ, ಹೋಗೋಣ ಎಂದು. ನಮಗೆ ಮರಾಠಿ ಬರುವುದಿಲ್ಲ ಎಂದುಕೊಂಡು ಹೇಳಿದ್ದಲ್ಲ. ನಮಗೆ ಕೇಳಲಿ ಎಂದೇ ಹೇಳಿದ್ದು.

ವೈಶಾಲಿಯ ಕಡೆ ನೋಡಿದೆ. ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಚಿಕ್ಕವಳಿದ್ದಾಗ ಅಳು ಬಂದರೆ ಹಾಗೆಯೇ ಮಾಡುತ್ತಿದ್ದಳು. ಆಗ ನನಗೆ ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಯಾರ ಮೇಲೆ ಎಂದು ಕೇಳಬೇಡಿ. ಸಿಟ್ಟು ಬಂದ ಮಾಸ್ತರ ಮಾಡುವ ಕೆಲಸವನ್ನೇ ಮಾಡಿದೆ, ಅಂಕಪಟ್ಟಿ ತೆಗೆಸಿದೆ. ಅಲೆ ಎಷ್ಟು ಜೋರಾಗಿ ಬರುತ್ತಿದೆ ಎಂದು ಹೇಳುವ ಆಜ್ಞೆಯೊಂದಿದೆ. ಅದು ಎಪ್ಪತ್ತಕ್ಕೆ ಇಷ್ಟು ಎಂದು ನಮ್ಮ ಶಾಲೆಯಂತೆಯೇ ಅಂಕ ಕೊಡುತ್ತದೆ. ಅದನ್ನು ಮತ್ತೆ ಮತ್ತೆ ಓಡುವಂತೆ ಮಾಡಿ ನೋಡುತ್ತ ಕೂತೆ. ಶನಿವಾರ ಅರವತ್ತರ ಮೇಲೆ ತೆಗೆದಿದ್ದ ಸರ್ಜಾ ಈಗ ಹತ್ತನ್ನೂ ದಾಟುತ್ತಿಲ್ಲ. ನೋಡುನೋಡುತ್ತಿದ್ದಂತೆ ದಿಗ್ಗನೆ ಅರವತ್ತಕ್ಕೆ ಹೋದ. ಸ್ವಲ್ಪ ಹೊತ್ತಿಗೆ ಮತ್ತೆ ನಪಾಸು. ಇದೇನು ಹುಡುಗಾಟ? ಮತ್ತೆ ಏರಿದ, ಮತ್ತೆ ಇಳಿದ. ಮೂರನೆಯ ಸಲ ಏರಿದಾಗ ನನ್ನ ಕಿವಿ ಚುರುಕಾಯಿತು. ಓಣಿಯಾಚೆ ಅಪ್ಪಾಸಾಬನ ಕಿಟಕಿಯಿಂದ ಕೂಸು ಅಳುವುದು ಕೇಳುತ್ತಿತ್ತು. ಅಳು ನಿಂತಿತು, ತುಸು ಹೊತ್ತಿಗೆ ಅಂಕ ಇಳಿಯಿತು. ಮತ್ತೆ ಕೂಸು ಅತ್ತಿತು, ಅಂಕ ಏರಿತು!

ಕೂಸು ಅತ್ತರೆ ನೆಟ್ ಬರುತ್ತದೆ, ಮಲಗಿದರೆ ಹೋಗುತ್ತದೆ. ಇತಿಹಾಸದಲ್ಲಿ ಇಂಥ ಕಾರ್ಯಕಾರಣ ಸಂಬಂಧವನ್ನು ನಾನು ಎಲ್ಲೂ ಓದಿರಲಿಲ್ಲ. ಬಾಣಂತಿಯನ್ನು ಆ ದಿನ ಬೆಳಿಗ್ಗೆಯೇ ಮನೆಗೆ ಕರೆತಂದಿದ್ದರು. ಡಬ್ಬಿ ಇದ್ದದ್ದು ಬೀದಿಯ ಕಡೆಯ ಕೋಣೆಯಲ್ಲಿ; ಬಾಣಂತಿಗೆ ಕೊಟ್ಟದ್ದೂ ಅದೇ ಕೋಣೆಯೇ ಇರಬೇಕು. ನಾನು ಎದ್ದು, ಬೀಗರ ಕಾಲು ದಾಟಿ, ಹೊರಗಿನ ಕಟ್ಟೆಯ ಮೇಲೆ ನಿಂತು ಕೂಗಿದೆ.

"ಅಪ್ಪಾಸಾಬ! ಆ ಡಬ್ಬಿ ಮ್ಯಾಲೆ ಏನರ ಮುಚ್ಚೀರೇನು?"

ಕಿಟಕಿಯಲ್ಲಿ ಅಪ್ಪಾಸಾಬನ ಮುಖ ಕಾಣಿಸಿತು. "ಅವ್ವ ಹಿತ್ತಾಳಿ ಬೋಗಾಣಿ ಡಬ್ಬ ಹಾಕ್ಯಾಳ್ರಿ ಮಾಸ್ತರ. ಹಸರ ದೀಪ ಪಿಳಿಪಿಳಿ ಅಂತಾವು, ಕೂಸು ಅದನ್ನ ನೋಡ್ಕೋತ ಮಲಗೂದ ಇಲ್ಲ. ಅಳಾಕತ್ರ ಬೋಗಾಣಿ ಎತ್ತಿ ತೋರಸ್ತಾಳ, ಗಪ್ ಆಗತೈತಿ. ಮಲಕೊಂಡ ಮ್ಯಾಲೆ ಮತ್ತ ಮುಚ್ಚತಾಳ. ಯಾಕ್ರಿ?"

"ಬೋಗಾಣಿ ಅಲೆ ತಡೀತೈತೋ ಮಾರಾಯ! ದ್ರಾಕ್ಷಿ ಬುಟ್ಟಿ ಡಬ್ಬ ಹಾಕ್ರಿ! ಬಿದರಿಂದು! ಮ್ಯಾಲೊಂದ ಸೀರಿ ಹೊಚ್ರಿ! ಬೋಗಾಣಿ ಬ್ಯಾಡ, ಬುಟ್ಟಿ, ಬುಟ್ಟಿ!"

ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದರು. ಹೆಣ್ಣು ತೋರಿಸುವ ಹೊತ್ತಿನಲ್ಲಿ ಹೆಣ್ಣಿನ ಅಣ್ಣ ಬೀದಿಯಲ್ಲಿ ನಿಂತು ಬುಟ್ಟಿ ಬುಟ್ಟಿ ಎಂದು ಕೂಗುತ್ತಿದ್ದರೆ ಯಾರು ತಾನೇ ಬರುವುದಿಲ್ಲ? ಮಾಮಾ ಜೀಪಿನ ಕೀಲಿ ಕೈಗೆ ತೆಗೆದುಕೊಂಡಿದ್ದ. ನಾನು ಒಳಗೆ ಓಡಿ ಪರದೆ ನೋಡಿದೆ. ಅರವತ್ತೆರಡು. ಮತ್ತೆ ನೋಡಿದೆ. ಅರವತ್ತೆರಡು. ಕೂಸು ಮಲಗಿದೆ, ಅಂಕ ಇಳಿಯಲಿಲ್ಲ. ವಿಳಾಸ ಕೇಳಿದೆ, ಮರುಕ್ಷಣ ಕೊಟ್ಟ. ಅರ್ಧಕ್ಕೆ ನಿಂತ ಕೆಲಸ ಮುಂದುವರಿಸು ಎಂದು ಆಜ್ಞೆ ಹೊಡೆದೆ. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಸರಸರನೆ ಓಡತೊಡಗಿದವು. ಮಾಮಾ ಕೀಲಿ ಹಿಡಿದುಕೊಂಡೇ ನನ್ನ ಬೆನ್ನ ಹಿಂದೆ ಬಂದು ನಿಂತ. ಅವನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ, ಅದಕ್ಕೇ ಗೌರವ ಹುಟ್ಟಿತು. "ಮಾಸ್ತರ, ಇದೆಲ್ಲ ನಿಮಗ ಓದಾಕ ಬರತೈತೇನ್ರಿ?" ಎಂದು ಮೆಲ್ಲಗೆ ಕೇಳಿದ. ಅರ್ಧಕ್ಕಿಂತ ಹೆಚ್ಚು ನನಗೂ ತಿಳಿಯುತ್ತಿರಲಿಲ್ಲ. "ಅದೇನ ಮಹಾ ಬಿಡ್ರಿ," ಎಂದೆ.

ಚಿತ್ರದ ಪರದೆ ಬಂತು. ಕರೆ ಹೋಯಿತು. ಸಂಜಯ ಬಂದ. ಸಮವಸ್ತ್ರ ಇಸ್ತ್ರಿ ಮಾಡಿಕೊಂಡು, ಎಣ್ಣೆ ಹಚ್ಚಿ ಬೈತಲೆ ತೆಗೆದುಕೊಂಡು, ಮುಖದ ತುಂಬ ಬೆವರಿಟ್ಟುಕೊಂಡು ಕೂತಿದ್ದ. ಅವನಿಗೂ ಹೆದರಿಕೆ ಇದೆ ಎಂದು ತಿಳಿದು ನನಗೆ ಅವನ ಮೇಲೆ ಪ್ರೀತಿ ಬಂತು. ಅವನ ತಾಯಿ ಪರದೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಮಾಮಾ ಗಂಟಲು ಸರಿಮಾಡಿಕೊಂಡು ಪ್ರಸ್ತಾವನೆ ಶುರುಮಾಡುವಷ್ಟರಲ್ಲಿ ವೈಶಾಲಿ ಬಂದು ಲ್ಯಾಪ್‌ಟಾಪಿನ ಮುಂದೆ ಕೂತೇಬಿಟ್ಟಳು.

"ನಾ ಸಾಲಿ ಬಿಡೂದಿಲ್ರಿ," ಎಂದಳು. ನಮಸ್ಕಾರವಿಲ್ಲ, ಹೇಗಿದ್ದೀರಿ ಎಂದಿಲ್ಲ. "ನಿಮಗದು ನಡೀತೈತೇನು? ನೀವ ಹೇಳ್ಬೇಕು."

ಆಚೆ ಕಡೆ ಅವನ ತುಟಿ ಅಲುಗಾಡಿತು, ದನಿ ತುಸು ತಡವಾಗಿ ಬಂತು.

"ಯಾಕ ಬಿಡ್ತೀರಿ?" ಎಂದ ಸಂಜಯ. "ನಾ ವರ್ಷದಾಗ ಎರಡ ತಿಂಗಳ ಊರಾಗ ಇರಾಂವ. ಉಳದ ದಿನ ನೀವು ಮನ್ಯಾಗ ಕುಂತು ನಮ್ಮ ಮಾಮಾನ ಮೀಸಿ ನೋಡ್ತೀರೇನು?"

ಮೊದಲು ನಕ್ಕವರು ಅವನ ತಾಯಿ. ಆಮೇಲೆ ಎಲ್ಲರೂ. ಕಡೆಗೆ ಮಾಮಾನೂ ಮೀಸೆಯ ಮೇಲಿಂದ ಕೈ ತೆಗೆದು ನಕ್ಕ. ವೈಶಾಲಿ ಮುಖ ಎತ್ತಿ ನನ್ನ ಕಡೆ ನೋಡಿದಳು. ಆ ನೋಟದ ಮುಂದೆ ನನಗೆ ಯಾವ ಬಿರುದೂ ಬೇಡ. ಅದು ಹೂಂ ಎಂದು ಹೇಳಿದ ಹಾಗಿತ್ತು. ಅಣ್ಣ, ನೀನು ಗೆದ್ದೆ ಎಂದು ಹೇಳಿದ ಹಾಗೂ ಇತ್ತು. ಆ ದಿನ ಜೀಪು ರಾಯಬಾಗಕ್ಕೆ ಹೋಗಲಿಲ್ಲ, ನಮ್ಮ ಮನೆಯಲ್ಲೇ ಹೋಳಿಗೆ ಊಟ ಮಾಡಿ ನೆಟ್ಟಗೆ ನಿಪ್ಪಾಣಿಗೆ ಹೋಯಿತು. ಎದುರು ಮನೆಗೆ ಹೋಳಿಗೆ ಕಳಿಸಲು ಅತ್ತೆಯೇ ಹೇಳಿದಳು, ಪಾತ್ರೆ ಮಾತ್ರ ಹೊಸ್ತಿಲಾಚೆ ಇಟ್ಟು ಬರಬೇಕೆಂದಳು. ಕೆಲಸ ಕೂಡಿಬಂದದ್ದು ತನ್ನ ಮೆಣಸಿನಕಾಯಿಯಿಂದ ಎಂದು ಅವಳು ಇಂದಿಗೂ ನಂಬಿದ್ದಾಳೆ. ಅಪ್ಪಾಸಾಬನ ಅವ್ವ ತನ್ನ ಬುಟ್ಟಿಯಿಂದ ಎನ್ನುತ್ತಾಳೆ. ಸುಮಿತ್ರಾ ಆ ಸಂಜೆ ಅಟ್ಟ ಹತ್ತಿ ಮಿಕ್ಸರಿನ ಮೋಟಾರು ಇಳಿಸಿ ನನ್ನ ಮುಂದೆ ತಂದಿಟ್ಟಳು. ನನಗೆ ಅದಕ್ಕಿಂತ ದೊಡ್ಡ ಸನ್ಮಾನ ಇಲ್ಲಿಯವರೆಗೆ ಆಗಿಲ್ಲ.

ಮದುವೆಯಾಯಿತು. ವೈಶಾಲಿ ಶಾಲೆ ಬಿಡಲಿಲ್ಲ. ನಾನೂ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡು ಸ್ವಂತ ಡಬ್ಬಿಯ ಒಡೆಯನಾದೆ. ಬೋಗಾಣಿಯ ಕಥೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿ, ಲೋಹಕ್ಕೂ ಅಲೆಗೂ ಆಗಿಬರುವುದಿಲ್ಲ, ಅಷ್ಟೂ ತಿಳಿಯುವುದಿಲ್ಲವೇ ಜನರಿಗೆ ಎಂದು ಕನಿಕರಪಟ್ಟೆ. ಎರಡು ವರ್ಷಕ್ಕೆ ತಂಗಿ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಕೂಸು, ಸೋದರಮಾವನಾದ ನನ್ನ ತೊಡೆಯ ಮೇಲಲ್ಲದೆ ಮಲಗಲೊಲ್ಲದು. ಒಂದು ದಿನ ಮಧ್ಯಾಹ್ನ ನೆಟ್ ಹೋಯಿತು. ಸಂಜಯನ ವಿಡಿಯೋ ಕಾಲ್ ಬರುವ ಹೊತ್ತು, ಮಗಳ ಮುಖ ನೋಡಲು ಅವನು ಕಾದು ಕೂತಿರುತ್ತಾನೆ. ಅದೇನು ಮಹಾ ಎಂದು ಕಪ್ಪು ಪರದೆ ತೆರೆದೆ. ಕಾರ್ಡನ್ನು ಎಬ್ಬಿಸಿದೆ, ಗುಟ್ಟಿನ ಪದ ಒಪ್ಪಿಸಿದೆ, ವಿಳಾಸ ಬೇಡಿದೆ, ಅಂಕಪಟ್ಟಿ ತೆಗೆಸಿದೆ. ಎಲ್ಲ ಆಜ್ಞೆ ಮುಗಿದವು, ನೆಟ್ ಬರಲಿಲ್ಲ. ಅಪ್ಪಾಸಾಬನ ಲೈನು ಆ ವಾರ ಕೆಟ್ಟಿತ್ತು, ಅವನೂ ನನ್ನದೇ ನೆಟ್ಟಿನ ಮೇಲೆ ದ್ರಾಕ್ಷಿ ದರ ನೋಡುತ್ತಿದ್ದ. ಅವನ ಮುಖ ಓಣಿಯಾಚೆ ಕಿಟಕಿಯಲ್ಲಿ ಮೂಡಿದಾಗ ನನ್ನ ಕಣ್ಣು ತಾನಾಗಿ ನಮ್ಮ ಡಬ್ಬಿ ಇಟ್ಟ ಗೂಡಿನ ಕಡೆ ಹೋಯಿತು. ಹಸಿರು ದೀಪ ನೋಡುತ್ತ ತಂಗಿಯ ಮಗಳು ಮಲಗಲೊಲ್ಲಳೆಂದು, ಕೈಗೆ ಸಿಕ್ಕ ಸ್ಟೀಲಿನ ಬೋಗಾಣಿಯನ್ನು ಬೆಳಿಗ್ಗೆ ನಾನೇ ಡಬ್ಬಿಯ ಮೇಲೆ ಬೋರಲು ಹಾಕಿದ್ದೆ.

ಓಣಿಯಾಚೆಯಿಂದ ಅಪ್ಪಾಸಾಬ ಕೂಗಿದ: "ಮಾಸ್ತರ, ಬುಟ್ಟಿ ಕಳಸ್ಲೇನ್ರಿ?"